ಮೂರನೇ ಕಾಲಂ ನಂಬಬೇಡಿ: ಸಿಸ್ಟಂ ಅಡ್ಮಿನ್ ಗೆಳೆಯರಿಗೆ ಒಂದು ಬಹಿರಂಗ ಪತ್ರ



ಕಾಲೇಜಿನ ಲ್ಯಾಬು, ಸಹಕಾರಿ ಬ್ಯಾಂಕಿನ ಸರ್ವರ್ ಕೋಣೆ, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಹಿಂದೆ ಧೂಳು ಹಿಡಿದು ಕೂತ ಡಬ್ಬ, ಬೆಂಗಳೂರಿನ ಯಾವುದೋ ಕಂಪನಿಯ ಕ್ಲೌಡ್ ಖಾತೆ. ಎಲ್ಲೇ ಕೆಲಸ ಮಾಡಿ, ಲಿನಕ್ಸ್ ಯಂತ್ರಗಳನ್ನು ನೋಡಿಕೊಳ್ಳುವ ನಿಮ್ಮೆಲ್ಲರ ಹತ್ತಿರ ಒಂದು ಶೆಲ್ ಸ್ಕ್ರಿಪ್ಟ್ ಇದ್ದೇ ಇರುತ್ತದೆ. ಕೆಲವರು ಅದನ್ನು ತಾವೇ ಬರೆದಿರುತ್ತಾರೆ. ಹೆಚ್ಚಿನವರಿಗೆ ಹಿಂದಿನವರು ಬಿಟ್ಟುಹೋದ ಬಳುವಳಿಯಾಗಿ ಬಂದಿರುತ್ತದೆ.

ಆ ಸ್ಕ್ರಿಪ್ಟಿನ ಮೊದಲ ಹತ್ತು ಸಾಲು ಬಹುಪಾಲು ಎಲ್ಲ ಕಡೆಯೂ ಒಂದೇ ಥರ. ಯಂತ್ರದ ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ, ಡಿಎನ್‌ಎಸ್ ಸರ್ವರ್, ಮ್ಯಾಕ್ ವಿಳಾಸ, ಇಷ್ಟನ್ನು ಒಂದೊಂದು ವೇರಿಯಬಲ್‌ಗೆ ತುಂಬಿಕೊಳ್ಳುವುದು. ಉಳಿದ ಇನ್ನೂರು ಸಾಲು ಆ ವೇರಿಯಬಲ್‌ಗಳನ್ನು ನಂಬಿಕೊಂಡು ನಡೆಯುತ್ತದೆ. ಫೈರ್‌ವಾಲ್ ನಿಯಮ ಬರೆಯುತ್ತದೆ, ಕಾನ್ಫಿಗ್ ಫೈಲ್ ತಯಾರಿಸುತ್ತದೆ, ಬ್ಯಾಕಪ್ ಯಾವ ದಾರಿಯಲ್ಲಿ ಹೋಗಬೇಕೆಂದು ತೀರ್ಮಾನಿಸುತ್ತದೆ. ಈ ಪತ್ರ ಆ ಮೊದಲ ಹತ್ತು ಸಾಲಿನ ಬಗ್ಗೆ ಮಾತ್ರ.

ಒಂದು ವೇರಿಯಬಲ್‌ಗೆ ‘ಗೇಟ್‌ವೇ’ ಎಂದು ಹೆಸರಿಟ್ಟ ಮೇಲೆ ಅದರೊಳಗೆ ನಿಜಕ್ಕೂ ಏನಿದೆ ಎಂದು ಮತ್ತೆ ಯಾರೂ ಇಣುಕಿ ನೋಡುವುದಿಲ್ಲ. ಹೆಸರನ್ನೇ ನಂಬುತ್ತಾರೆ. ಸ್ಕ್ರಿಪ್ಟ್ ಕೆಟ್ಟು ನಿಂತುಬಿಟ್ಟರೆ ಅದೃಷ್ಟ. ಫೋನು ಬರುತ್ತದೆ, ಬೈಸಿಕೊಳ್ಳುತ್ತೀರಿ, ಸರಿ ಮಾಡುತ್ತೀರಿ. ತಪ್ಪು ವ್ಯಾಲ್ಯೂ ಹಿಡಿದುಕೊಂಡು ಏನೂ ಆಗಿಲ್ಲವೆಂಬಂತೆ ಕೊನೆಯ ಸಾಲಿನವರೆಗೆ ಓಡುವ ಸ್ಕ್ರಿಪ್ಟೇ ನಿಜವಾದ ಕಾಟ. ಅಂಥದ್ದು ಹುಟ್ಟುವುದು ಒಂದೇ ಅಭ್ಯಾಸದಿಂದ: ಮನುಷ್ಯರು ಓದಲೆಂದು ಪರದೆಯ ಮೇಲೆ ಬಿದ್ದ ಸಾಲುಗಳನ್ನು ಕತ್ತರಿಸಿ, ಅದರಲ್ಲಿ ಕಣ್ಣಿಗೆ ಕಂಡಿದ್ದನ್ನು ಉತ್ತರವೆಂದು ಭಾವಿಸುವುದು. ಯಂತ್ರಕ್ಕೆ ಸರಿಯಾದ ಪ್ರಶ್ನೆ ಕೇಳಿ ಅದು ಕೊಟ್ಟ ಉತ್ತರವನ್ನು ಪರೀಕ್ಷಿಸುವ ಅಭ್ಯಾಸ ನಮ್ಮಲ್ಲಿ ಬೆಳೆಯಬೇಕು ಎನ್ನುವುದು ನನ್ನ ವಾದ.

ಎಲ್ಲರಿಗೂ ಗೊತ್ತಿರುವ ಐಎಫ್‌ಕಾನ್ಫಿಗ್‌ನಿಂದ ಶುರು ಮಾಡೋಣ. 1983ರಲ್ಲಿ 4.2 ಬಿಎಸ್‌ಡಿ ಯೂನಿಕ್ಸ್ ಜೊತೆ ಬಂದ ಆಜ್ಞೆ ಇದು. ನಮ್ಮಲ್ಲಿ ಹಲವರು ಲಿನಕ್ಸ್ ಕಲಿತದ್ದೇ ಇದರಿಂದ. ಇದರ ಔಟ್‌ಪುಟ್‌ನಲ್ಲಿ ‘ಇನೆಟ್ ಅಡ್ರ್’ ಎಂಬ ಪದ, ಅದಕ್ಕಂಟಿದ ಕೋಲನ್, ಕೋಲನ್‌ಗಂಟಿದ ವಿಳಾಸ. ಗ್ರೆಪ್‌ನಿಂದ ಸಾಲು ಹಿಡಿ, ಕಟ್‌ನಿಂದ ಕೋಲನ್ ಹತ್ತಿರ ತುಂಡು ಮಾಡು, ಆಕ್‌ನಿಂದ ಮೊದಲ ಪದ ತೆಗೆ. ಈ ಮೂರು ಹೆಜ್ಜೆ ಎಷ್ಟೋ ವರ್ಷ ಕೆಲಸ ಮಾಡಿತು. ಆಮೇಲೆ ನೆಟ್-ಟೂಲ್ಸ್ ಪ್ಯಾಕೇಜಿನ ಹೊಸ ಆವೃತ್ತಿ ಬಂತು. ‘ಅಡ್ರ್’ ಹೋಯಿತು, ಕೋಲನ್ ಹೋಯಿತು, ‘ಮಾಸ್ಕ್’ ಎಂದಿದ್ದದ್ದು ‘ನೆಟ್‌ಮಾಸ್ಕ್’ ಆಯಿತು, ಮ್ಯಾಕ್ ವಿಳಾಸದ ಮುಂದಿದ್ದ ‘ಎಚ್‌ಡಬ್ಲ್ಯೂ ಅಡ್ರ್’ ಬದಲು ‘ಈಥರ್’ ಬಂತು. ಮನುಷ್ಯರ ಕಣ್ಣಿಗೆ ಇದೇನೂ ತೊಂದರೆಯಲ್ಲ. ಸ್ಕ್ರಿಪ್ಟ್‌ಗೆ ಮಾತ್ರ ಯಂತ್ರದಲ್ಲಿ ವಿಳಾಸವೇ ಇಲ್ಲ ಎಂದಾಯಿತು.

ಆವೃತ್ತಿ ಬದಲಾಗುವುದೂ ಬೇಡ, ಯಂತ್ರದ ಭಾಷೆ ಬದಲಾದರೂ ಸಾಕಿತ್ತು. ಹಳೆಯ ಐಎಫ್‌ಕಾನ್ಫಿಗ್ ಜರ್ಮನ್ ಲೊಕೇಲ್‌ನಲ್ಲಿ ‘ಅಡ್ರ್’ ಜಾಗದಲ್ಲಿ ‘ಅಡ್ರೆಸ್ಸೆ’ ಎಂದು ಬರೆಯುತ್ತಿತ್ತು. ಮ್ಯಾಕ್ ಓಎಸ್‌ಗೆ ಹೋದರೆ ಅಲ್ಲಿ ನೆಟ್‌ಮಾಸ್ಕ್ ಹೆಕ್ಸಾಡೆಸಿಮಲ್‌ನಲ್ಲಿ ಕಾಣುತ್ತದೆ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಹೊಸ ಐಪಿ ಆಜ್ಞೆಯಿಂದ ಲೇಬಲ್ ಇಲ್ಲದೆ ಸೇರಿಸಿದ ಎರಡನೇ ಐಪಿವಿ4 ವಿಳಾಸವನ್ನು ಲಿನಕ್ಸಿನ ಐಎಫ್‌ಕಾನ್ಫಿಗ್ ತೋರಿಸುವುದೇ ಇಲ್ಲ. ಲಿನಕ್ಸ್ 2.2 ಕರ್ನಲ್‌ನ ಕಾಲದಲ್ಲಿ ಅಲೆಕ್ಸೇ ಕುಜ್ನೆತ್ಸೋವ್ ಈ ಐಪಿ ಆಜ್ಞೆಯಿರುವ ಐಪಿರೂಟ್2 ಉಪಕರಣಗಳನ್ನು ಬರೆದ ಮೇಲೆ ಕರ್ನಲ್‌ನ ನೆಟ್‌ವರ್ಕಿಂಗ್ ಬೆಳೆದ ದಿಕ್ಕೇ ಬೇರೆ, ಹಳೆಯ ಆಜ್ಞೆ ಹಿಂದೆಯೇ ಉಳಿಯಿತು. 2017ರಲ್ಲಿ ಬಂದ ಡೆಬಿಯನ್ 9 ಹೊಸ ಇನ್‌ಸ್ಟಾಲ್‌ಗಳಲ್ಲಿ ನೆಟ್-ಟೂಲ್ಸ್ ಹಾಕುವುದನ್ನೇ ಬಿಟ್ಟಿತು. ಇಷ್ಟಾದರೂ ನಿಮ್ಮ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಐಎಫ್‌ಕಾನ್ಫಿಗ್ ಇದ್ದರೆ, ಅದನ್ನು ತೆಗೆಯಲು ಇವತ್ತೇ ಒಳ್ಳೆಯ ದಿನ.

“ನಾವು ಆಗಲೇ ಐಪಿ ಆಜ್ಞೆಗೆ ಬದಲಾಗಿದ್ದೇವೆ” ಎನ್ನುವವರು ನೆಮ್ಮದಿಯಿಂದ ಕೂರುವ ಮೊದಲು ಒಂದು ಸಾಲು ನೋಡಿ. ಐಪಿ ರೂಟ್ ಆಜ್ಞೆಯ ಔಟ್‌ಪುಟ್‌ನಲ್ಲಿ ‘ಡಿಫಾಲ್ಟ್’ ಎಂದು ಶುರುವಾಗುವ ಸಾಲು ಹಿಡಿದು, ಆಕ್‌ಗೆ ಮೂರನೇ ಕಾಲಂ ಕೊಡು ಎಂದು ಹೇಳುವುದು ಇವತ್ತು ಅತಿ ಹೆಚ್ಚು ನಕಲಾಗುವ ಒಂದು ಸಾಲು. ಮಾಮೂಲಿ ಆಫೀಸ್ ಯಂತ್ರದಲ್ಲಿ ‘ಡಿಫಾಲ್ಟ್ ವಯಾ 192.168.1.1 ಡೆವ್ ಇಎನ್‌ಪಿ3ಎಸ್0’ ಎಂದಿರುತ್ತದೆ. ಮೂರನೇ ಪದ ಗೇಟ್‌ವೇ. ಸರಿ. ಅದೇ ಯಂತ್ರ ಪಿಪಿಪಿ ಮೂಲಕ ಹೊರಜಾಲಕ್ಕೆ ಸೇರಿದ್ದರೆ ಸಾಲು ‘ಡಿಫಾಲ್ಟ್ ಡೆವ್ ಪಿಪಿಪಿ0’ ಎಂದಾಗುತ್ತದೆ. ಅಲ್ಲಿ ‘ವಯಾ’ ಇಲ್ಲ. ಮೂರನೇ ಪದ ಪಿಪಿಪಿ0. ನಿಮ್ಮ ‘ಗೇಟ್‌ವೇ’ ವೇರಿಯಬಲ್ ಒಳಗೆ ಈಗ ಒಂದು ಇಂಟರ್‌ಫೇಸಿನ ಹೆಸರು ಕೂತಿದೆ. ಯಾವ ಎರರ್ ಕೂಡ ಬಂದಿಲ್ಲ.

ಲ್ಯಾಪ್‌ಟಾಪಿಗೆ ಕೇಬಲ್ಲೂ ಇದೆ, ವೈಫೈ ಕೂಡ ಇದೆ ಎಂದುಕೊಳ್ಳಿ. ಆಗ ಡಿಫಾಲ್ಟ್ ಸಾಲುಗಳು ಎರಡು. ನೆಟ್‌ವರ್ಕ್ ಮ್ಯಾನೇಜರ್ ಸಾಮಾನ್ಯವಾಗಿ ಕೇಬಲ್‌ಗೆ 100, ವೈಫೈಗೆ 600 ಎಂದು ಮೆಟ್ರಿಕ್ ಹಾಕಿರುತ್ತದೆ. ಕಡಿಮೆ ಸಂಖ್ಯೆಯದಕ್ಕೆ ಆದ್ಯತೆ. ಕರ್ನಲ್‌ಗೆ ಇದರಲ್ಲಿ ಗೊಂದಲವಿಲ್ಲ. ನಿಮ್ಮ ವೇರಿಯಬಲ್‌ನಲ್ಲಿ ಮಾತ್ರ ಎರಡು ಗೇಟ್‌ವೇ ಒಂದರ ಕೆಳಗೊಂದು ಕೂತಿರುತ್ತವೆ. ಕಾಲಂ ಎಣಿಸಿ ಮಾಹಿತಿ ತೆಗೆಯುವುದೆಂದರೆ ‘ಮೂಲೆಯಿಂದ ಮೂರನೇ ಮನೆ’ ಎಂದು ವಿಳಾಸ ಹೇಳಿದ ಹಾಗೆ. ನಡುವೆ ಯಾರಾದರೂ ಒಂದು ಮನೆ ಕಟ್ಟಿದರೂ ಕೆಡವಿದರೂ ಕಾಗದ ಪಕ್ಕದವರಿಗೆ ತಲುಪುತ್ತದೆ.

ಸರಿಯಾದ ಪ್ರಶ್ನೆ ಯಾವುದು? ನಿಮಗೆ ಬೇಕಿರುವುದು ರೂಟಿಂಗ್ ಟೇಬಲ್‌ನ ಪಟ್ಟಿಯಲ್ಲ. “ಹೊರಗಿನ ಒಂದು ವಿಳಾಸಕ್ಕೆ ಪ್ಯಾಕೆಟ್ ಕಳಿಸಬೇಕಾದರೆ ನೀನು ಯಾವ ಇಂಟರ್‌ಫೇಸಿನಿಂದ, ಯಾವ ಗೇಟ್‌ವೇ ಮೂಲಕ, ನಿನ್ನ ಯಾವ ವಿಳಾಸ ಹಚ್ಚಿ ಕಳಿಸುತ್ತೀಯ?” ಎನ್ನುವುದು ನಿಮ್ಮ ಪ್ರಶ್ನೆ. ಇದನ್ನು ಕೇಳಲೆಂದೇ ‘ಐಪಿ ರೂಟ್ ಗೆಟ್’ ಇದೆ. ಮುಂದೆ ಯಾವುದಾದರೂ ಹೊರಗಿನ ವಿಳಾಸ ಕೊಟ್ಟರೆ ಸಾಕು. ಆ ವಿಳಾಸಕ್ಕೆ ಒಂದೂ ಪ್ಯಾಕೆಟ್ ಹೋಗುವುದಿಲ್ಲ, ಕರ್ನಲ್ ತನ್ನ ಟೇಬಲ್ ನೋಡಿ ಉತ್ತರ ಹೇಳುತ್ತದೆ ಅಷ್ಟೆ. ಉದಾಹರಣೆಗಳಿಗೆಂದೇ ಮೀಸಲಿಟ್ಟ 192.0.2.1 ಕೊಟ್ಟರೂ ನಡೆಯುತ್ತದೆ. ಎರಡು ಡಿಫಾಲ್ಟ್ ರೂಟ್ ಇದ್ದರೆ ಮೆಟ್ರಿಕ್ ನೋಡಿ ಅದೇ ಒಂದನ್ನು ಆರಿಸುತ್ತದೆ, ವಿಪಿಎನ್ ಇದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಇನ್ನೊಂದು ಲಾಭವೂ ಇದೆ. ಡಿಫಾಲ್ಟ್ ರೂಟುಗಳ ಪಟ್ಟಿ ಕೇಳಿದಾಗ ಒಂದೂ ಇಲ್ಲದಿದ್ದರೆ ಆಜ್ಞೆ ಖಾಲಿ ಔಟ್‌ಪುಟ್ ಕೊಟ್ಟು ‘ಎಲ್ಲ ಸರಿಯಿದೆ’ ಎಂಬ ಸೊನ್ನೆ ಸ್ಟೇಟಸ್‌ನಿಂದ ಮುಗಿಯುತ್ತದೆ. ಖಾಲಿ ಪಟ್ಟಿಯೂ ಒಂದು ಪಟ್ಟಿಯೇ ತಾನೆ. ರೂಟ್ ಗೆಟ್ ಹಾಗಲ್ಲ. ದಾರಿಯಿಲ್ಲದಿದ್ದರೆ ‘ನೆಟ್‌ವರ್ಕ್ ಅನ್‌ರೀಚಬಲ್’ ಎಂದು ಹೇಳಿ, ಸೊನ್ನೆಯಲ್ಲದ ಸ್ಟೇಟಸ್ ಕೊಟ್ಟು ಹೊರಬರುತ್ತದೆ. ಸ್ಕ್ರಿಪ್ಟ್ ಬರೆಯುವವರಿಗೆ ಇದಕ್ಕಿಂತ ಉಪಕಾರ ಬೇರೆ ಬೇಕೆ?

ಇನ್ನು ‘ನನ್ನ ಐಪಿ ವಿಳಾಸ’ ಎಂಬ ಮಾತಿಗೆ ಬರೋಣ. ಅದು ಒಂದೇ ಇರುತ್ತದೆ ಎನ್ನುವ ಕಾಲ ಮುಗಿದು ಬಹಳ ದಿನವಾಯಿತು. ಡಾಕರ್ ಹಾಕಿದ ಯಂತ್ರದಲ್ಲಿ ಡಾಕರ್0 ಎಂಬ ಸೇತುವೆಗೆ ಸಾಮಾನ್ಯವಾಗಿ 172.17.0.1 ಇರುತ್ತದೆ, ಲಿಬ್‌ವರ್ಟ್ ಇದ್ದರೆ 192.168.122.1 ಕೂಡ ಸೇರುತ್ತದೆ. ಐಪಿವಿ6 ಇದ್ದರೆ ಒಂದೇ ಇಂಟರ್‌ಫೇಸಿಗೆ ಲಿಂಕ್-ಲೋಕಲ್ ವಿಳಾಸ, ಸ್ಥಿರ ವಿಳಾಸ, ಆಗಾಗ ಬದಲಾಗುವ ತಾತ್ಕಾಲಿಕ ವಿಳಾಸ ಎಲ್ಲವೂ ಒಟ್ಟಿಗೇ ಇರುತ್ತವೆ. ಹೋಸ್ಟ್‌ನೇಮ್ ಆಜ್ಞೆಗೆ ದೊಡ್ಡ ಐ ಹಾಕಿ ಮೊದಲ ಪದ ತೆಗೆದುಕೊಳ್ಳುವುದು ಜನಪ್ರಿಯ ಅಡ್ಡದಾರಿ. ಆ ವಿಳಾಸಗಳ ಸರದಿಯ ಮೇಲೆ ಭರವಸೆ ಇಡಬೇಡಿ ಎಂದು ಆ ಆಜ್ಞೆಯ ಮ್ಯಾನ್ ಪೇಜ್ ತಾನೇ ಎಚ್ಚರಿಸುತ್ತದೆ. ಚಿಕ್ಕ ಐ ಹಾಕಿದರೆ ಇನ್ನೂ ವಿಚಿತ್ರ. ಅದು ಯಂತ್ರದ ಹೆಸರನ್ನು ಹುಡುಕಿ ಬಂದ ವಿಳಾಸ ಹೇಳುತ್ತದೆ. ಡೆಬಿಯನ್ ತನ್ನ ಹೋಸ್ಟ್ಸ್ ಫೈಲಿನಲ್ಲಿ ಯಂತ್ರದ ಹೆಸರಿಗೆ 127.0.1.1 ಬರೆದಿಡುವುದರಿಂದ ಅದೇ ಸಿಗುತ್ತದೆ. ಅದನ್ನು ಕ್ಲಸ್ಟರಿನ ಬೇರೆ ಯಂತ್ರಗಳಿಗೆ ‘ನನ್ನನ್ನು ಇಲ್ಲಿ ಕಾಣಿ’ ಎಂದು ಹಂಚಿದರೆ, ಪ್ರತಿಯೊಂದೂ ತನ್ನನ್ನೇ ಕಾಣಲು ಹೋಗುತ್ತದೆ.

ಇಂಟರ್‌ಫೇಸಿನ ಹೆಸರೂ ಅಷ್ಟೇ. ಎತ್0 ಎಂದು ಕಣ್ಣು ಮುಚ್ಚಿ ಬರೆಯುವ ಅಭ್ಯಾಸ ಬಿಡದವರು ಇನ್ನೂ ಇದ್ದಾರೆ. 2013ರ ಜನವರಿಯಲ್ಲಿ ಸಿಸ್ಟಂಡಿ 197ನೇ ಆವೃತ್ತಿ ಬಂದಾಗಿನಿಂದ, ಕಾರ್ಡು ಯಾವ ಪಿಸಿಐ ಬಸ್ಸಿನ ಯಾವ ಸ್ಲಾಟಿನಲ್ಲಿದೆ ಎಂಬುದರ ಮೇಲೆ ಹೆಸರು ಸಾಮಾನ್ಯವಾಗಿ ನಿಲ್ಲುತ್ತದೆ: ಇಎನ್ ಎಂದರೆ ಈಥರ್ನೆಟ್, ಡಬ್ಲ್ಯೂಎಲ್ ಎಂದರೆ ವೈರ್‌ಲೆಸ್, ಪಿ3 ಎಂದರೆ ಮೂರನೇ ನಂಬರಿನ ಬಸ್. ಕಂಟೇನರ್ ಒಳಗೆ ಎತ್0 ಇದ್ದರೂ ಐಪಿ ಲಿಂಕ್ ಆಜ್ಞೆ ಅದನ್ನು ‘ಎತ್0’ ಎಂದಷ್ಟೇ ಬರೆಯದೆ, ಜೊತೆಗೆ ಅಟ್ ಚಿಹ್ನೆ ಹಾಕಿ ಆಚೆ ತುದಿಯ ನಂಬರನ್ನೂ ಅಂಟಿಸುತ್ತದೆ. ಕಾಲಂ ಕತ್ತರಿಸುವವರ ಕೈಗೆ ಇಲ್ಲದ ಇಂಟರ್‌ಫೇಸಿನ ಹೆಸರು ಸಿಗುತ್ತದೆ.

ಹಾಗಾದರೆ ಎಲ್ಲಿಂದ ತೆಗೆದುಕೊಳ್ಳಬೇಕು? ಪ್ರೋಗ್ರಾಮುಗಳು ಓದಲೆಂದೇ ಇಟ್ಟಿರುವ ಜಾಗಗಳಿಂದ. ಐಪಿ ಆಜ್ಞೆಗೆ ಹೈಫನ್ ಜೆ ಕೊಟ್ಟರೆ ಉತ್ತರ ಜೇಸನ್ ರೂಪದಲ್ಲಿ ಬರುತ್ತದೆ. ಗೇಟ್‌ವೇ ‘ಗೇಟ್‌ವೇ’ ಎಂಬ ಹೆಸರಿನಡಿ, ಇಂಟರ್‌ಫೇಸ್ ‘ಡೆವ್’ ಎಂಬ ಹೆಸರಿನಡಿ, ನಿಮ್ಮ ಯಂತ್ರದ ವಿಳಾಸ ‘ಪ್ರೆಫ್‌ಎಸ್‌ಆರ್‌ಸಿ’ ಎಂಬುದರಡಿ. ಅದನ್ನು ಜೇಸನ್ ಓದುವ ಜೆಕ್ಯೂ ಉಪಕರಣಕ್ಕೆ ಕೊಟ್ಟು ಹೆಸರು ಹಿಡಿದು ಕೇಳಿ. ಪಿಪಿಪಿ ಇದ್ದಾಗ ಗೇಟ್‌ವೇ ಎಂಬ ಹೆಸರೇ ಅಲ್ಲಿರುವುದಿಲ್ಲ, ಹಾಗಾಗಿ ತಪ್ಪು ಪದ ಬಂದು ಕೂರುವ ಪ್ರಶ್ನೆಯಿಲ್ಲ. ಒಂದು ಎಚ್ಚರಿಕೆ: ಇಲ್ಲದ ಹೆಸರನ್ನು ಕೇಳಿದರೆ ಜೆಕ್ಯೂ ‘ನಲ್’ ಎಂಬ ನಾಲ್ಕಕ್ಷರದ ಇಂಗ್ಲಿಷ್ ಪದವನ್ನೇ ಬರೆದು ಕೊಡುತ್ತದೆ. ವೇರಿಯಬಲ್ ಖಾಲಿಯಿದೆಯೇ ಎಂಬ ಪರೀಕ್ಷೆಯಲ್ಲಿ ಅದು ಪಾಸಾಗಿಬಿಡುತ್ತದೆ. ಹೈಫನ್ ಇ ಕೂಡ ಕೊಡಿ, ಆಗ ನಲ್ ಬಂದರೆ ಜೆಕ್ಯೂ ಸೋತ ಸ್ಟೇಟಸ್‌ನಿಂದ ಹೊರಬರುತ್ತದೆ.

ಮ್ಯಾಕ್ ವಿಳಾಸ, ಎಂಟಿಯು, ಲಿಂಕ್ ಸ್ಥಿತಿ ಬೇಕಿದ್ದರೆ ಯಾವ ಆಜ್ಞೆಯೂ ಬೇಡ. /ಸಿಸ್/ಕ್ಲಾಸ್/ನೆಟ್ ಒಳಗೆ ಪ್ರತಿ ಇಂಟರ್‌ಫೇಸಿಗೂ ಒಂದು ಡೈರೆಕ್ಟರಿ ಇದೆ. ಅದರಲ್ಲಿ ‘ಅಡ್ರೆಸ್’, ‘ಎಂಟಿಯು’, ‘ಆಪರ್‌ಸ್ಟೇಟ್’ ಎಂಬ ಫೈಲುಗಳು, ಒಂದೊಂದರಲ್ಲಿ ಒಂದೇ ವ್ಯಾಲ್ಯೂ. ಶೆಲ್‌ನ ರೀಡ್ ಆಜ್ಞೆಯಿಂದ ನೇರ ವೇರಿಯಬಲ್‌ಗೆ ಓದಿಕೊಳ್ಳಬಹುದು. ಆಪರ್‌ಸ್ಟೇಟ್ ‘ಅಪ್’ ಇದ್ದರೆ ಮಾತ್ರ ಸರಿ ಎಂದು ಬರೆದುಬಿಡಬೇಡಿ. ಲೂಪ್‌ಬ್ಯಾಕ್ ಹಾಗೂ ಟನಲ್ ಇಂಟರ್‌ಫೇಸುಗಳು ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ‘ಅನ್‌ನೋನ್’ ಎನ್ನುತ್ತವೆ. ಪ್ರೋಗ್ರಾಮಿಗೆಂದು ಇಟ್ಟ ಎಲ್ಲ ಫೈಲೂ ಇಷ್ಟು ಸುಲಭವಲ್ಲ ಎಂಬುದನ್ನೂ ಹೇಳಬೇಕು. /ಪ್ರಾಕ್/ನೆಟ್/ರೂಟ್ ತೆರೆದರೆ ಇಂಟೆಲ್ ಯಂತ್ರದಲ್ಲಿ 192.168.1.1 ಎಂಬ ಗೇಟ್‌ವೇ 0101ಎ8ಸಿ0 ಎಂದು ಹೆಕ್ಸಾಡೆಸಿಮಲ್‌ನಲ್ಲಿ, ಬೈಟುಗಳು ಹಿಂದುಮುಂದಾಗಿ ಕಾಣುತ್ತದೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಅತ್ತ ಹೋಗಿ.

ಡಿಎನ್‌ಎಸ್ ವಿಷಯದಲ್ಲಿ ರಿಸಾಲ್ವ್ ಕಾನ್ಫ್ ಫೈಲನ್ನು ಓದಿದರೆ ಇವತ್ತಿನ ಉಬುಂಟುವಿನಲ್ಲಿ 127.0.0.53 ಎಂದಿರುತ್ತದೆ. ಅದು ಸಿಸ್ಟಂಡಿಯ ರಿಸಾಲ್ವ್ಡ್ ಎಂಬ ಸ್ಥಳೀಯ ಸೇವೆಯ ವಿಳಾಸ. ನಿಮ್ಮ ಪ್ರಶ್ನೆ “ಈ ಯಂತ್ರದ ಪ್ರೋಗ್ರಾಮುಗಳು ಯಾರನ್ನು ಕೇಳುತ್ತವೆ?” ಎಂದಾದರೆ ಅದೇ ಸರಿಯಾದ ಉತ್ತರ. “ಹೊರಗಿನ ಯಾವ ಸರ್ವರಿಗೆ ಪ್ರಶ್ನೆ ಹೋಗುತ್ತದೆ?” ಎಂದಾದರೆ ರಿಸಾಲ್ವ್‌ಸಿಟಿಎಲ್ ಅನ್ನು ಕೇಳಬೇಕು. ಕಂಟೇನರಿಗೆ ಅಥವಾ ಇನ್ನೊಂದು ಯಂತ್ರಕ್ಕೆ 127.0.0.53 ಅನ್ನು ನಕಲು ಮಾಡಿದರೆ ಅಲ್ಲಿ ಉತ್ತರಿಸುವವರು ಯಾರೂ ಇರುವುದಿಲ್ಲ. ಸಬ್‌ನೆಟ್ ಲೆಕ್ಕದಲ್ಲೂ ಹೀಗೇ. ವಿಳಾಸದ ಕೊನೆಯ ಭಾಗ ಕಿತ್ತು ಸೊನ್ನೆ ಹಚ್ಚಿ ಅದೇ ನೆಟ್‌ವರ್ಕ್ ಎನ್ನುವವರು 24 ಬಿಟ್ ಪ್ರಿಫಿಕ್ಸ್ ಬಿಟ್ಟು ಬೇರೆ ಕಂಡಿಲ್ಲ. ದೊಡ್ಡ ಕ್ಯಾಂಪಸ್ಸಿನಲ್ಲಿ ಪ್ರಿಫಿಕ್ಸ್ 22 ಇದ್ದರೆ ಮಾಸ್ಕ್ 255.255.252.0. ಆ ಸ್ಕ್ರಿಪ್ಟು ಮುಕ್ಕಾಲು ಪಾಲು ವಿಳಾಸಗಳನ್ನು ಲೆಕ್ಕದಿಂದಲೇ ಹೊರಗಿಡುತ್ತದೆ.

ಸರಿಯಾದ ಜಾಗದಿಂದ ತಂದ ವ್ಯಾಲ್ಯೂ ಕೂಡ ಶೆಲ್‌ನ ಕೈಯಲ್ಲಿ ಕಳೆದುಹೋಗಬಹುದು. ಪೈಪಿನ ಕೊನೆಯಲ್ಲಿ ವೈಲ್ ಲೂಪ್ ಇಟ್ಟು ಅದರೊಳಗೆ ವೇರಿಯಬಲ್ ತುಂಬುವವರು ಬಹಳ. ಬ್ಯಾಷ್ ಮತ್ತು ಡ್ಯಾಷ್ ಆ ಲೂಪನ್ನು ಬೇರೊಂದು ಸಬ್‌ಶೆಲ್‌ನಲ್ಲಿ ನಡೆಸುತ್ತವೆ. ಲೂಪ್ ಮುಗಿದ ಕೂಡಲೇ ಆ ಶೆಲ್ಲೂ ಮುಗಿಯಿತು, ವೇರಿಯಬಲ್ಲೂ ಹೋಯಿತು. ಪೈಪಿನ ಮೊದಲ ಆಜ್ಞೆ ಸೋತರೂ ಕೊನೆಯದು ಗೆದ್ದರೆ ಇಡೀ ಪೈಪ್ ಗೆದ್ದಂತೆ ಎನ್ನುವುದು ಇನ್ನೊಂದು ನಿಯಮ. ಇದಕ್ಕಿಂತ ಕಪಟದ್ದು ಫಂಕ್ಷನ್ ಒಳಗಿನ ‘ಲೋಕಲ್’. ಒಂದೇ ಸಾಲಿನಲ್ಲಿ ಲೋಕಲ್ ಎಂದು ಘೋಷಿಸಿ ಅಲ್ಲೇ ಆಜ್ಞೆಯ ಔಟ್‌ಪುಟ್ ತುಂಬಿದರೆ, ಆಜ್ಞೆ ಸೋತರೂ ನಿಮಗೆ ಕಾಣುವುದು ಲೋಕಲ್‌ನ ಗೆಲುವಿನ ಸ್ಟೇಟಸ್. ಎರರ್ ಬಂದರೆ ನಿಲ್ಲು ಎಂದು ಮೇಲೆ ಬರೆದ ಸೆಟ್ ಹೈಫನ್ ಇ ಇಲ್ಲಿ ಕುರುಡಾಗುತ್ತದೆ. ಘೋಷಣೆ ಒಂದು ಸಾಲಲ್ಲಿ, ತುಂಬುವುದು ಮುಂದಿನ ಸಾಲಲ್ಲಿ ಇರಲಿ.

ಖಾಲಿ ವೇರಿಯಬಲ್‌ನಿಂದ ಏನು ಮಹಾ ಆಗುತ್ತದೆ ಎನ್ನಬೇಡಿ. ಕಾನ್ಫಿಗ್ ಟೆಂಪ್ಲೇಟಿನಲ್ಲಿ ‘ಈ ವಿಳಾಸ, ಕೋಲನ್, 8080’ ಎಂದು ಬರೆದಿದ್ದೀರಿ ಎಂದುಕೊಳ್ಳಿ. ಒಳಜಾಲದ ಒಂದು ವಿಳಾಸದಲ್ಲಿ ಮಾತ್ರ ಸೇವೆ ತೆರೆದಿರಲಿ ಎಂಬುದು ನಿಮ್ಮ ಉದ್ದೇಶ. ವಿಳಾಸ ಖಾಲಿಯಾದರೆ ಉಳಿಯುವುದು ಕೋಲನ್ ಮತ್ತು 8080. ಎಚ್‌ಎ ಪ್ರಾಕ್ಸಿಯಂಥ ಪ್ರೋಗ್ರಾಮಿಗೆ ಅದರ ಅರ್ಥ ‘ಎಲ್ಲ ವಿಳಾಸಗಳಲ್ಲೂ ತೆರೆ’. ಬಾಗಿಲಿಗೆ ಬೀಗ ಹಾಕಲು ಬರೆದ ಸಾಲೇ ಬಾಗಿಲು ತೆರೆದಿಟ್ಟಿತು. ಸೆಟ್ ಹೈಫನ್ ಯು ಇದನ್ನು ಹಿಡಿಯುವುದಿಲ್ಲ, ಏಕೆಂದರೆ ವೇರಿಯಬಲ್ ಇದೆ, ಒಳಗೇನಿಲ್ಲ ಅಷ್ಟೆ. ಹಿಡಿಯುವುದು ಬಳಸುವ ಜಾಗದಲ್ಲಿ ವೇರಿಯಬಲ್ ಹೆಸರಿನ ಮುಂದೆ ಕೋಲನ್, ಪ್ರಶ್ನಾರ್ಥಕ ಚಿಹ್ನೆ, ಒಂದು ಎರರ್ ಸಂದೇಶ ಸೇರಿಸಿ ಕರ್ಲಿ ಬ್ರಾಕೆಟ್‌ನಲ್ಲಿ ಬರೆಯುವ ರೂಪ. ವೇರಿಯಬಲ್ ಖಾಲಿಯಿದ್ದರೂ, ವೇರಿಯಬಲ್ಲೇ ಇಲ್ಲದಿದ್ದರೂ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ಅದು ಬೋರ್ನ್ ಶೆಲ್ ಪರಂಪರೆಯ ಸೌಲಭ್ಯ, ಡ್ಯಾಷ್‌ನಲ್ಲೂ ಬಿಜಿಬಾಕ್ಸ್‌ನಲ್ಲೂ ನಡೆಯುತ್ತದೆ.

ಈಗ ಈ ಪತ್ರ ಬರೆಯಲು ಮುಖ್ಯ ಕಾರಣವಾದ ವಿಷಯ. ನೆಟ್‌ವರ್ಕ್ ಸೆಟ್ಟಿಂಗ್‌ಗಳು ಎಲ್ಲಿಂದ ಬರುತ್ತವೆ? ಹೆಚ್ಚಿನ ಯಂತ್ರಗಳಿಗೆ ಡಿಎಚ್‌ಸಿಪಿ ಸರ್ವರಿನಿಂದ. ಅಂದರೆ ಕೇಬಲ್ಲಿನ ಆಚೆ ತುದಿಯಲ್ಲಿರುವ, ನಿಮಗೆ ಪರಿಚಯವಿರಲಿಕ್ಕಿಲ್ಲದ ಇನ್ನೊಂದು ಯಂತ್ರದಿಂದ. ಆ ಯಂತ್ರ ಕಳಿಸಿದ ಅಕ್ಷರಗಳನ್ನು ನಿಮ್ಮ ಸ್ಕ್ರಿಪ್ಟ್ ವೇರಿಯಬಲ್‌ಗೆ ತುಂಬುತ್ತದೆ, ಅದೂ ಬಹುಪಾಲು ರೂಟ್ ಅಧಿಕಾರದಲ್ಲಿ.

2014ರ ಸೆಪ್ಟೆಂಬರ್ 24ರಂದು ಶೆಲ್‌ಶಾಕ್ ಹೊರಬಿತ್ತು. ಸ್ಟೆಫಾನ್ ಶಾಝಲಾ ಪತ್ತೆ ಮಾಡಿದ ಆ ದೋಷ ಬ್ಯಾಷ್‌ನಲ್ಲಿ ಸುಮಾರು 25 ವರ್ಷದಿಂದ ಇತ್ತು. ಎನ್ವಿರಾನ್‌ಮೆಂಟ್ ವೇರಿಯಬಲ್ ಒಳಗೆ ಫಂಕ್ಷನ್‌ನಂತೆ ಕಾಣುವ ಅಕ್ಷರಗಳಿದ್ದರೆ, ಅದರ ಬಾಲಕ್ಕೆ ಅಂಟಿದ ಆಜ್ಞೆಯನ್ನೂ ಬ್ಯಾಷ್ ಶುರುವಾಗುವಾಗಲೇ ಓಡಿಸಿಬಿಡುತ್ತಿತ್ತು. ವೆಬ್ ಸರ್ವರುಗಳ ಮೇಲಿನ ದಾಳಿಯೇ ಹೆಚ್ಚು ಸುದ್ದಿಯಾಯಿತು. ಆದರೆ ಡಿಎಚ್‌ಸಿಪಿ ಸರ್ವರಿನೊಂದಿಗೆ ಮಾತಾಡುವ ಡಿಎಚ್‌ಕ್ಲೈಂಟ್ ಕೂಡ ಸರ್ವರ್ ಕೊಟ್ಟ ಸೆಟ್ಟಿಂಗ್‌ಗಳನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಾಗಿ ಮಾಡಿ ಒಂದು ಶೆಲ್ ಸ್ಕ್ರಿಪ್ಟ್‌ಗೆ ಒಪ್ಪಿಸುತ್ತದೆ. ಆ ಸ್ಕ್ರಿಪ್ಟ್ ಬ್ಯಾಷ್‌ನಲ್ಲಿ ನಡೆದರೆ, ದುಷ್ಟ ಡಿಎಚ್‌ಸಿಪಿ ಸರ್ವರಿದ್ದ ವೈಫೈಗೆ ಸೇರಿದರೆ ಸಾಕಾಗಿತ್ತು.

ಅಲ್ಲಿ ತಪ್ಪು ಬ್ಯಾಷ್‌ನದು, ಸ್ಕ್ರಿಪ್ಟ್ ಬರೆದವರದಲ್ಲ ಎನ್ನಬಹುದು. 2018ರ ಮೇ ತಿಂಗಳಿನದು ಹಾಗಲ್ಲ. ಗೂಗಲ್‌ನ ಭದ್ರತಾ ಸಂಶೋಧಕ ಫೆಲಿಕ್ಸ್ ವಿಲ್ಹೆಲ್ಮ್ ಕಂಡುಹಿಡಿದ ಆ ದೋಷಕ್ಕೆ ಸಿವಿಇ-2018-1111 ಎಂದು ನಂಬರು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸಿನ 6 ಮತ್ತು 7ನೇ ಆವೃತ್ತಿಗಳಲ್ಲಿ ಡಿಎಚ್‌ಸಿಪಿ ಕ್ಲೈಂಟ್ ಪ್ಯಾಕೇಜಿನ ಜೊತೆ ನೆಟ್‌ವರ್ಕ್ ಮ್ಯಾನೇಜರಿಗಾಗಿ ಒಂದು ಚಿಕ್ಕ ಶೆಲ್ ಸ್ಕ್ರಿಪ್ಟ್ ಬರುತ್ತಿತ್ತು. ಅದರ ಕೆಲಸ ನಾವು ಮಾತಾಡುತ್ತಿರುವ ಕೆಲಸವೇ. ಡಿಎಚ್‌ಸಿಪಿಯಿಂದ ಬಂದ ಸೆಟ್ಟಿಂಗ್‌ಗಳನ್ನು ಬ್ಯಾಷ್‌ನ ವೇರಿಯಬಲ್ ಪಟ್ಟಿಯಿಂದ ಗ್ರೆಪ್ ಮಾಡಿ ಹೆಕ್ಕಿ, ಒಂದೊಂದೇ ಸಾಲು ರೀಡ್‌ನಿಂದ ಓದಿ, ಹೊಸ ಹೆಸರಿನ ವೇರಿಯಬಲ್‌ಗಳನ್ನು ಇವ್ಯಾಲ್‌ನಿಂದ ಸೃಷ್ಟಿಸುವುದು.

ಬ್ಯಾಷ್ ತನ್ನ ವೇರಿಯಬಲ್‌ಗಳನ್ನು ಪಟ್ಟಿ ಮಾಡುವಾಗ ವ್ಯಾಲ್ಯೂ ಒಳಗಿನ ಸಿಂಗಲ್ ಕೋಟ್‌ಗೆ ಬ್ಯಾಕ್‌ಸ್ಲ್ಯಾಷ್ ಹಚ್ಚಿ ಸುರಕ್ಷಿತ ಮಾಡಿ ಕೊಡುತ್ತದೆ. ರೀಡ್ ಆಜ್ಞೆಗೆ ಹೈಫನ್ ಆರ್ ಕೊಡದಿದ್ದರೆ ಅದು ಬ್ಯಾಕ್‌ಸ್ಲ್ಯಾಷ್‌ಗಳನ್ನು ನುಂಗುತ್ತದೆ. ಆ ಸ್ಕ್ರಿಪ್ಟಿನಲ್ಲಿ ಹೈಫನ್ ಆರ್ ಇರಲಿಲ್ಲ. ಬ್ಯಾಕ್‌ಸ್ಲ್ಯಾಷ್ ಹೋಯಿತು, ಕೋಟ್ ಬಿಚ್ಚಿಕೊಂಡಿತು, ಅದರಾಚೆಗಿನ ಅಕ್ಷರಗಳನ್ನು ಇವ್ಯಾಲ್ ಆಜ್ಞೆಯೆಂದು ತಿಳಿದು ರೂಟ್ ಅಧಿಕಾರದಲ್ಲಿ ಓಡಿಸಿತು. ಪ್ರಾಕ್ಸಿ ವಿಳಾಸ ತಿಳಿಸಲು ಬಳಸುವ 252ನೇ ಡಿಎಚ್‌ಸಿಪಿ ಆಪ್ಷನ್‌ನಲ್ಲಿ ಒಂದು ಕೋಟ್, ಒಂದು ಆಂಪರ್ಸೆಂಡ್, ಬೇಕಾದ ಆಜ್ಞೆ ಇಟ್ಟರೆ ಮುಗಿಯಿತು. ದಾಳಿಯ ಮಾದರಿ ಒಂದು ಟ್ವೀಟಿನಲ್ಲಿ ಹಿಡಿಯುವಷ್ಟು ಚಿಕ್ಕದಿತ್ತು. ರಿಪೇರಿ ಅದಕ್ಕಿಂತ ಚಿಕ್ಕದು: ರೀಡ್ ಮುಂದೆ ಹೈಫನ್ ಆರ್.

ಇದನ್ನು ಬರೆದವರು ಅನನುಭವಿಗಳಲ್ಲ. ಪ್ರಪಂಚದ ಬ್ಯಾಂಕುಗಳೂ ಸರ್ಕಾರಗಳೂ ನಂಬಿ ಬಳಸುವ ಲಿನಕ್ಸ್ ಅದು. ಅಂಥಲ್ಲೇ ಆ ಚಿಕ್ಕ ಸ್ಕ್ರಿಪ್ಟು ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಕೂತಿತ್ತು ಎಂದರೆ ಕಾರಣ ಸರಳ. “ಸೆಟ್ಟಿಂಗ್ ತೆಗೆದು ವೇರಿಯಬಲ್‌ಗೆ ಹಾಕೋದು ತಾನೆ” ಎಂದು ಎಲ್ಲರೂ ಅದನ್ನು ಕೂಲಿ ಕೆಲಸವೆಂದು ಭಾವಿಸುತ್ತೇವೆ. ರಿವ್ಯೂ ಮಾಡುವವರೂ ಮೊದಲ ಹತ್ತು ಸಾಲು ದಾಟಿಸಿಯೇ ಓದುತ್ತಾರೆ.

ನಿಮ್ಮ ಆಕ್ಷೇಪಗಳು ನನಗೆ ಕೇಳಿಸುತ್ತಿವೆ. “ಒಂದೇ ಸಲ ಓಡಿಸುವ ಸ್ಕ್ರಿಪ್ಟಿಗೆ ಇಷ್ಟೆಲ್ಲ ಶಾಸ್ತ್ರ ಬೇಕೆ?” ನಿಮ್ಮ ಕಣ್ಣೆದುರು, ನಿಮ್ಮದೇ ಯಂತ್ರದಲ್ಲಿ, ಪರದೆಯ ಮೇಲೆ ಬಂದದ್ದನ್ನು ನೀವೇ ನೋಡುತ್ತಿದ್ದರೆ ಬೇಡ. ಮೂರನೇ ಕಾಲಂ ಧಾರಾಳವಾಗಿ ಕತ್ತರಿಸಿ. ಅದೇ ಸಾಲು ಕ್ರಾನ್‌ಗೆ ಹೋದ ದಿನ, ಅಥವಾ ಎರಡನೇ ಯಂತ್ರಕ್ಕೆ ನಕಲಾದ ದಿನ ಲೆಕ್ಕ ಬದಲಾಗುತ್ತದೆ.

“ನಮ್ಮ ರೂಟರಿನಲ್ಲಿ ಜೆಕ್ಯೂ ಇಲ್ಲ, ಬಿಜಿಬಾಕ್ಸಿನ ಐಪಿ ಆಜ್ಞೆಗೆ ಹೈಫನ್ ಜೆ ಗೊತ್ತಿಲ್ಲ.” ನಿಜ. ಅಲ್ಲಿ ಪಠ್ಯವನ್ನೇ ಓದಬೇಕಾಗುತ್ತದೆ. ಆಗಲೂ ಕಾಲಂ ಎಣಿಸಬೇಡಿ, ‘ವಯಾ’ ಎಂಬ ಪದ ಹುಡುಕಿ ಅದರ ಮುಂದಿನ ಪದ ತೆಗೆದುಕೊಳ್ಳಿ; ‘ಡೆವ್’ ಹುಡುಕಿ ಅದರ ಮುಂದಿನದು. ಆಕ್‌ನಲ್ಲಿ ಇದು ಒಂದು ಚಿಕ್ಕ ಫಾರ್ ಲೂಪ್. ಆಜ್ಞೆಯ ಮುಂದೆ ಎಲ್‌ಸಿ_ಆಲ್ ಅನ್ನು ಸಿ ಎಂದು ಇಟ್ಟರೆ ಭಾಷೆಯ ತೊಂದರೆಯೂ ತಪ್ಪುತ್ತದೆ. ಗ್ರೆಪ್‌ನಲ್ಲಿ ಚುಕ್ಕೆ ಎಂದರೆ ಯಾವ ಅಕ್ಷರವಾದರೂ ಸರಿ ಎಂಬುದನ್ನೂ, 192.168.1.1 ಹುಡುಕಿದರೆ 192.168.1.10 ಕೂಡ ಸಿಗುತ್ತದೆ ಎಂಬುದನ್ನೂ ಮರೆಯಬೇಡಿ.

“ಹಾಗಿದ್ದರೆ ಪೈಥಾನ್‌ನಲ್ಲೇ ಬರೆಯಬಾರದೇಕೆ?” ಬರೆಯಿರಿ, ದೊಡ್ಡದಾಗಿದ್ದರೆ ಬರೆಯಲೇಬೇಕು. ಆದರೆ ಯಂತ್ರ ಬೂಟಾಗುವಾಗ, ಕಂಟೇನರ್ ಶುರುವಾಗುವಾಗ, ರಿಪೇರಿಗೆಂದು ಹಾಕಿದ ಪೆನ್‌ಡ್ರೈವ್‌ನಲ್ಲಿ, ಶೆಲ್ ಒಂದೇ ಇರುತ್ತದೆ. ಪೈಥಾನ್‌ನಲ್ಲಿ ಐಎಫ್‌ಕಾನ್ಫಿಗ್ ಓಡಿಸಿ ಸಾಲು ಕತ್ತರಿಸುವವರನ್ನೂ ನೋಡಿದ್ದೇನೆ. ಭಾಷೆ ಬದಲಾದರೆ ಅಭ್ಯಾಸ ಬದಲಾಗುವುದಿಲ್ಲ.

ಆದ್ದರಿಂದ ಮೂರು ಬಗೆಯ ಜನರಿಗೆ ಮೂರು ವಿನಂತಿ.

ಕೆಲಸಕ್ಕೆ ಹೊಸದಾಗಿ ಸೇರಿದವರೆ, ಬಳುವಳಿಯಾಗಿ ಬಂದ ಸ್ಕ್ರಿಪ್ಟಿಗೆ ಕೈಮುಗಿದು ಹಾಗೇ ಓಡಿಸಬೇಡಿ. ಮೊದಲ ಹತ್ತು ಸಾಲು ಪ್ರತ್ಯೇಕವಾಗಿ ಓಡಿಸಿ, ಪ್ರತಿ ವೇರಿಯಬಲ್ ಅನ್ನು ಬ್ರಾಕೆಟ್ ಒಳಗಿಟ್ಟು ಪ್ರಿಂಟ್ ಮಾಡಿ ನೋಡಿ. ಕೇಬಲ್ ಕಿತ್ತು ಒಮ್ಮೆ, ವೈಫೈ ಕೂಡ ಸೇರಿಸಿ ಒಮ್ಮೆ, ವಿಪಿಎನ್ ಹಾಕಿ ಒಮ್ಮೆ, ಡಾಕರ್ ಇರುವ ಯಂತ್ರದಲ್ಲಿ ಒಮ್ಮೆ. ನಾಲ್ಕೂ ಸಲ ವೇರಿಯಬಲ್ ತನ್ನ ಹೆಸರಿಗೆ ತಕ್ಕಂತೆ ಇದ್ದರೆ, ಇಲ್ಲವೇ ಸ್ಕ್ರಿಪ್ಟು ಸ್ಪಷ್ಟ ಸಂದೇಶ ಕೊಟ್ಟು ನಿಂತರೆ, ಅದು ನಂಬುವಂಥ ಸ್ಕ್ರಿಪ್ಟು. ಶೆಲ್‌ಚೆಕ್ ಎಂಬ ಉಚಿತ ಉಪಕರಣವಿದೆ. ಕೋಟ್ ಇಲ್ಲದ ವೇರಿಯಬಲ್, ಹೈಫನ್ ಆರ್ ಇಲ್ಲದ ರೀಡ್, ಸ್ಟೇಟಸ್ ನುಂಗುವ ಲೋಕಲ್, ಮೂರನ್ನೂ ಅದು ಬೆರಳಿಟ್ಟು ತೋರಿಸುತ್ತದೆ. ಅದನ್ನು ಓಡಿಸದೆ ಯಾವ ಸ್ಕ್ರಿಪ್ಟನ್ನೂ ಸರ್ವರಿಗೆ ಏರಿಸಬೇಡಿ.

ಲ್ಯಾಬಿನಲ್ಲಿ ಯೂನಿಕ್ಸ್ ಶೆಲ್ ಕಲಿಸುವ ಮೇಷ್ಟ್ರೆ, ಮೇಡಂ, ಗ್ರೆಪ್ ಮತ್ತು ಆಕ್ ಕಲಿಸಲು ಐಎಫ್‌ಕಾನ್ಫಿಗ್ ಔಟ್‌ಪುಟ್ ಬಳಸುವುದನ್ನು ದಯವಿಟ್ಟು ಬಿಡಿ. ಪಠ್ಯ ಕತ್ತರಿಸುವುದನ್ನು ಕಲಿಸಲು ಲಾಗ್ ಫೈಲುಗಳಿವೆ, ಅಂಕಪಟ್ಟಿಯ ಫೈಲುಗಳಿವೆ. ಮೊದಲ ಲ್ಯಾಬಿನಲ್ಲಿ ಕಲಿತ ಸಾಲನ್ನು ವಿದ್ಯಾರ್ಥಿಗಳು ಹತ್ತು ವರ್ಷದ ನಂತರವೂ ಬರೆಯುತ್ತಾರೆ. ನೆಟ್‌ವರ್ಕ್ ಪ್ರಯೋಗದ ದಿನ ಐಪಿ ರೂಟ್ ಗೆಟ್ ತೋರಿಸಿ, ಎಕ್ಸಿಟ್ ಸ್ಟೇಟಸ್ ಪರೀಕ್ಷಿಸದ ಉತ್ತರಕ್ಕೆ ಪೂರ್ತಿ ಅಂಕ ಕೊಡಬೇಡಿ.

ತಂಡ ನಡೆಸುವ ಹಿರಿಯರೆ, ನಿಮ್ಮಲ್ಲಿ ಎಂಟು ಸ್ಕ್ರಿಪ್ಟ್ ಇದ್ದರೆ ಎಂಟರಲ್ಲೂ ಈ ಹತ್ತು ಸಾಲು ಬೇರೆ ಬೇರೆ ರೀತಿಯಲ್ಲಿ ಬರೆದಿರುತ್ತದೆ. ಅವನ್ನೆಲ್ಲ ಕಿತ್ತು ಒಂದೇ ಫೈಲಿನಲ್ಲಿ, ಒಂದೊಂದು ಸೆಟ್ಟಿಂಗ್‌ಗೆ ಒಂದೊಂದು ಫಂಕ್ಷನ್ ಆಗಿ ಇಡಿಸಿ. ಉಳಿದವೆಲ್ಲ ಅದನ್ನೇ ಸೋರ್ಸ್ ಮಾಡಿಕೊಳ್ಳಲಿ. ಇವ್ಯಾಲ್ ಕಂಡರೆ ಕಾರಣ ಕೇಳಿ, ಬರೆದವರಿಗೆ ಎರಡು ವಾಕ್ಯದಲ್ಲಿ ವಿವರಿಸಲಾಗದಿದ್ದರೆ ತೆಗೆಸಿ. ಅದಕ್ಕೆ ಬೇಕಾದ ಒಂದೆರಡು ದಿನದ ಸಮಯವನ್ನು ಕೆಲಸದ ಪಟ್ಟಿಯಲ್ಲಿ ಹೆಸರಿಟ್ಟು ಬರೆಯಿರಿ. ಹೆಸರಿಲ್ಲದ ಕೆಲಸ ನಮ್ಮ ಕಚೇರಿಗಳಲ್ಲಿ ನಡೆಯುವುದಿಲ್ಲ ಎಂಬುದು ನಿಮಗೂ ಗೊತ್ತು.

ಈ ಪತ್ರದ ಒಂದು ಮಾತಾದರೂ ನಿಮಗೆ ಅತಿ ಅನ್ನಿಸಿದರೆ, ವಾದಕ್ಕೆ ಬರುವ ಮೊದಲು ನಿಮ್ಮ ಸ್ಕ್ರಿಪ್ಟನ್ನು ಎರಡು ಡಿಫಾಲ್ಟ್ ರೂಟ್ ಇರುವ ಒಂದು ಲ್ಯಾಪ್‌ಟಾಪಿನಲ್ಲಿ ಓಡಿಸಿ, ಗೇಟ್‌ವೇ ವೇರಿಯಬಲ್‌ನಲ್ಲಿ ಏನು ಬಂತು ಎಂದು ನೋಡಿಕೊಂಡು ಬನ್ನಿ. ಆಮೇಲೆ ಮಾತಾಡೋಣ.

ಇಂತಿ,
ನಿಮ್ಮದೇ ಕಸುಬಿನ ಒಬ್ಬ ಜೊತೆಗಾರ